ವಾರ್ಷಿಕ ಪ್ಯಾಕೇಜ್ ನಿಲ್ಲಿಸುತ್ತಿದ್ದೇವೆ: ನಮ್ಮ ಡರ್ಟ್ ಬೈಕ್ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಬರುವ ಜೂನ್ 1ರಿಂದ ನಮ್ಮ ಗ್ಯಾರೇಜಿನಲ್ಲಿ ವಾರ್ಷಿಕ ಸರ್ವಿಸ್ ಪ್ಯಾಕೇಜ್ ಇರುವುದಿಲ್ಲ. ನಿಮ್ಮ ಬೈಕಿನ ಹ್ಯಾಂಡಲ್ ಬಳಿ ಗಂಟೆ ಲೆಕ್ಕ ಹಾಕುವ ಮೀಟರೊಂದನ್ನು ನಾವೇ ಕೂರಿಸಿಕೊಡುತ್ತೇವೆ. ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ಅದು ತೋರಿಸುತ್ತದೆ, ಆ ಲೆಕ್ಕದ ಮೇಲೆ ಸರ್ವಿಸ್. ಕವಾಸಕಿ ಕೆಎಕ್ಸ್‌ನಂಥ ರೇಸ್ ಬೈಕುಗಳಿಗೆ 10 ಗಂಟೆಗೊಮ್ಮೆ, ಹೀರೋ ಎಕ್ಸ್‌ಪಲ್ಸ್‌ನಂಥ ರಸ್ತೆಗೆ ನೋಂದಣಿಯಾದ ಬೈಕುಗಳಿಗೆ ಮಣ್ಣಿನಲ್ಲಿ ಓಡಿದ 25 ಗಂಟೆಗೊಮ್ಮೆ. ಒಂದು ಸರ್ವಿಸ್‌ಗೆ 1,850 ರೂಪಾಯಿ, ತೆರಿಗೆ ಸೇರಿ. ಈಗಾಗಲೇ 12,000 ರೂಪಾಯಿ ಕಟ್ಟಿ ಪ್ಯಾಕೇಜ್ ಪಡೆದಿರುವವರಿಗೆ ಅವಧಿ ಮುಗಿಯುವವರೆಗೆ ಹಳೆಯ ಲೆಕ್ಕವೇ ನಡೆಯುತ್ತದೆ. ಅದರಲ್ಲಿ ಒಂದು ಬೋಲ್ಟಿನಷ್ಟೂ ಕಡಿಮೆ ಮಾಡುವುದಿಲ್ಲ.

ಎರಡನೆಯ ಬದಲಾವಣೆ ಇದು. ಶನಿವಾರ ಸಂಜೆ ಬೈಕು ತಂದು ಭಾನುವಾರ ಬೆಳಗ್ಗೆ ಬೇಕು ಎಂದರೆ ಇನ್ನು ತೆಗೆದುಕೊಳ್ಳುವುದಿಲ್ಲ. ಗುರುವಾರದೊಳಗೆ ತಂದುಕೊಡಿ. ಈ ನಿಯಮಕ್ಕೆ ಕಾರಣ ನಾವೇ, ಆದ್ದರಿಂದ ಅದನ್ನು ಮುಚ್ಚಿಡದೆ ಹೇಳುತ್ತೇವೆ. ಕಳೆದ ಅಕ್ಟೋಬರಿನ ಒಂದು ಶನಿವಾರ ಗ್ಯಾರೇಜಿನಲ್ಲಿ ಹನ್ನೊಂದು ಬೈಕುಗಳಿದ್ದವು. ರಾತ್ರಿ ಹತ್ತರ ಹೊತ್ತಿಗೆ ಕೊನೆಯ ಬೈಕಿನ ಆಯಿಲ್ ಬದಲಾಯಿಸಿದೆವು, ಚೈನ್ ಬಿಗಿ ಮಾಡಿದೆವು, ಹಿಂದಿನ ಚಕ್ರದ ಕಡ್ಡಿಗಳನ್ನು (ಸ್ಪೋಕ್) ನೋಡದೆ ಬಿಟ್ಟೆವು. ಮರುದಿನ ತೋಟದ ಇಳಿಜಾರಿನಲ್ಲಿ ಒಂದು ಕಲ್ಲಿಗೆ ಬಡಿದು ಆ ಚಕ್ರ ವಾಲಿತು. ಓಡಿಸುತ್ತಿದ್ದವರ ಹೆಗಲಿನ ಮೂಳೆ ಮುರಿಯಿತು. ಕಲ್ಲು ನೋಡದೇ ಹೋದದ್ದು ತಮ್ಮದೇ ತಪ್ಪು ಎಂದು ಅವರು ಇಂದಿಗೂ ಹೇಳುತ್ತಾರೆ. ಬೈಕು ವಾಪಸು ಬಂದಾಗ ಚಕ್ರವನ್ನು ಕೈಯಲ್ಲಿ ಹಿಡಿದು ನೋಡಿದವರು ನಾವು. ಏಳು ಕಡ್ಡಿಗಳು ಬೆರಳಲ್ಲೇ ತಿರುಗುತ್ತಿದ್ದವು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ, ಇಲ್ಲಿ ನಿಮ್ಮೆಲ್ಲರ ಮುಂದೆಯೂ ಕೇಳುತ್ತೇವೆ.

ಕಡ್ಡಿ ಪರೀಕ್ಷಿಸುವುದು ಬಹಳ ದೊಡ್ಡ ವಿದ್ಯೆಯಲ್ಲ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಒಂದು ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿಯನ್ನು ತಟ್ಟಬೇಕು. ಬಿಗಿಯಾಗಿದ್ದರೆ ಟಿಣ್ ಎನ್ನುತ್ತದೆ, ಸಡಿಲವಾಗಿದ್ದರೆ ಸದ್ದು ಮಂಕಾಗುತ್ತದೆ. ಎರಡೂ ಚಕ್ರಕ್ಕೆ ಸೇರಿ ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷ ಗ್ಯಾರೇಜು ನಿಶ್ಶಬ್ದವಾಗಿರಬೇಕು, ತಟ್ಟುವವನಿಗೆ ನಿದ್ದೆಗಣ್ಣು ಇರಬಾರದು. ಗುರುವಾರ ಎಂದು ನಾವು ಹಟ ಹಿಡಿದಿರುವುದು ಇದಕ್ಕೇ.

ಇನ್ನು ನಾವು ದಿನವೂ ಕೇಳುವ ಮಾತಿಗೆ ಬರುತ್ತೇವೆ. “ನಾನು ವಾರಕ್ಕೆ ಒಂದು ದಿನ, ಎರಡು ಗಂಟೆ ಓಡಿಸುತ್ತೇನೆ ಅಷ್ಟೆ. ನನ್ನ ರಸ್ತೆ ಬೈಕಿಗೆ ಸಾವಿರಾರು ಕಿಲೋಮೀಟರಿಗೊಮ್ಮೆ ಆಯಿಲ್ ಹಾಕಿದರೆ ಸಾಕು. ಇದಕ್ಕೆ ಮಾತ್ರ ಹತ್ತು ಗಂಟೆಗೆ ಏಕೆ? ನೀವು ಆಯಿಲ್ ಮಾರಿ ಲಾಭ ಮಾಡುತ್ತಿದ್ದೀರಿ.” ಈ ಮಾತು ನಮಗೆ ನೋವು ಕೊಟ್ಟಿದೆ. ಹೇಳಿದವರಲ್ಲಿ ಹಲವರು ನಮ್ಮ ಹಳೆಯ ಗ್ರಾಹಕರೇ ಆಗಿರುವುದರಿಂದ ಸಮಾಧಾನವಾಗಿಯೇ ಉತ್ತರಿಸುತ್ತೇವೆ.

ಗಂಟೆಯ ಲೆಕ್ಕ ನಾವು ಕಟ್ಟಿದ್ದಲ್ಲ. ರೇಸ್ ಬೈಕುಗಳ ಜೊತೆ ಬರುವ ಕಂಪನಿಯ ಪುಸ್ತಕ ತೆರೆದು ನೋಡಿ, ಅಲ್ಲಿ ಸರ್ವಿಸ್ ಗಂಟೆಯ ಲೆಕ್ಕದಲ್ಲೇ ಇದೆ. ಆಯಿಲ್ ಅಷ್ಟೇ ಅಲ್ಲ, ಪಿಸ್ಟನ್ ಬದಲಾವಣೆಗೂ ಗಂಟೆಯೇ ಅಳತೆ. ಆ ಎಂಜಿನ್‌ನಲ್ಲಿರುವುದು ಸುಮಾರು 1 ಲೀಟರ್ ಆಯಿಲ್. ಅದೇ ಆಯಿಲ್ ಕ್ಲಚ್ಚನ್ನೂ ಗೇರುಗಳನ್ನೂ ಕಾಯಬೇಕು. ಕೆಸರಿನ ಏರಿನಲ್ಲಿ ನೀವು ಅರ್ಧ ಕ್ಲಚ್ ಹಿಡಿದು ಮೊದಲ ಗೇರಿನಲ್ಲಿ ಎಂಜಿನ್ ಕೂಗಿಸುವಾಗ ಕ್ಲಚ್ ಪ್ಲೇಟು ಸವೆದ ಪುಡಿಯೆಲ್ಲ ಅದೇ ಆಯಿಲಿಗೆ ಸೇರುತ್ತದೆ. ಅಂಥ ಅರ್ಧ ಗಂಟೆಯಲ್ಲಿ ಬೈಕು ಓಡಿದ ದೂರ ಮೂರು ಕಿಲೋಮೀಟರ್ ಇರಬಹುದು. ಕಿಲೋಮೀಟರ್ ನೋಡಿದರೆ ಬೈಕು ಹೊಸದು, ಒಳಗಿನ ಆಯಿಲ್ ನೋಡಿದರೆ ಕಪ್ಪು ಕಷಾಯ.

ಏರ್ ಫಿಲ್ಟರ್ ವಿಷಯವೂ ಹೀಗೆಯೇ. ರಸ್ತೆ ಬೈಕಿನಲ್ಲಿ ಸಾಮಾನ್ಯವಾಗಿ ಇರುವುದು ಕಾಗದದ ಫಿಲ್ಟರ್, ರೇಸ್ ಬೈಕಿನಲ್ಲಿ ಸ್ಪಂಜಿನದು. ಅಂಟು ಅಂಟಾದ ಫಿಲ್ಟರ್ ಆಯಿಲ್ ಹೀರಿಕೊಂಡಿದ್ದರೆ ಮಾತ್ರ ಅದು ದೂಳನ್ನು ಹಿಡಿಯುತ್ತದೆ. ಬೇಸಿಗೆಯಲ್ಲಿ ಒಬ್ಬರ ಹಿಂದೆ ಒಬ್ಬರು ತೋಟದ ಕೆಮ್ಮಣ್ಣಿನ ದಾರಿಯಲ್ಲಿ ಹೋಗಿ ಬಂದ ಮೇಲೆ ಸೀಟು ಬಿಚ್ಚಿ ಫಿಲ್ಟರ್ ತೆಗೆದು ನೋಡಿ. ಹೊರಗೆ ಕೆಂಪು ರಾಡಿ ಮೆತ್ತಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಅದು ಅದರ ಕೆಲಸ. ಫಿಲ್ಟರಿನ ಹಿಂದಿನ ರಬ್ಬರ್ ಕೊಳವೆಯೊಳಗೆ ಬೆರಳು ಆಡಿಸಿದಾಗ ತರಿತರಿ ಎನಿಸಿದರೆ ದೂಳು ಒಳಗೆ ಹೋಗಿದೆ ಎಂದರ್ಥ. ಅಲ್ಲಿಂದ ಮುಂದೆ ಪಿಸ್ಟನ್ ರಿಂಗು, ಸಿಲಿಂಡರು, ವಾಲ್ವು ಎಲ್ಲವನ್ನೂ ಅದು ಉಪ್ಪುಕಾಗದದಂತೆ ಉಜ್ಜುತ್ತದೆ. ಫಿಲ್ಟರ್ ತೊಳೆಯುವ ಸಣ್ಣ ಕೆಲಸ ತಪ್ಪಿಸಿ, ಕೊನೆಗೆ ಎಂಜಿನ್ ಇಳಿಸಬೇಕಾಗಿ ಬಂದ ಮೂರು ಬೈಕುಗಳು ಈ ವರ್ಷವೇ ನಮ್ಮಲ್ಲಿಗೆ ಬಂದಿವೆ. ಆ ಬಿಲ್ಲು ಕೊಡುವಾಗ ನಮಗೆ ಸಂತೋಷವಾಗಲಿಲ್ಲ.

1,850 ರೂಪಾಯಿಯ ಲೆಕ್ಕವನ್ನೂ ಬಿಚ್ಚಿಡುತ್ತೇವೆ. ಆಯಿಲ್ 700, ಫಿಲ್ಟರ್ ತೊಳೆಯುವ ದ್ರಾವಣ ಮತ್ತು ಫಿಲ್ಟರ್ ಆಯಿಲ್ 250, ಕೂಲಿ 900. ಆ ಕೂಲಿಯಲ್ಲಿ ಕಡ್ಡಿ, ಚೈನು, ಚಕ್ರದ ಬೇರಿಂಗು, ಫೋರ್ಕ್ ಸೀಲು, ಬ್ರೇಕ್ ಪ್ಯಾಡು ಎಲ್ಲದರ ಪರೀಕ್ಷೆಯೂ ಸೇರಿದೆ, ಎರಡೂವರೆ ಗಂಟೆಯ ಕೆಲಸ. ರೇಸ್ ಬೈಕನ್ನು ವರ್ಷಕ್ಕೆ 40 ಗಂಟೆ ಓಡಿಸುವವರಿಗೆ ಒಟ್ಟು 7,400 ರೂಪಾಯಿ ಆಗುತ್ತದೆ, ಅಂದರೆ ಹಳೆಯ ಪ್ಯಾಕೇಜಿಗಿಂತ ಕಡಿಮೆ. 100 ಗಂಟೆ ಓಡಿಸುವವರಿಗೆ 18,500. ಇಷ್ಟು ವರ್ಷ ಕಡಿಮೆ ಓಡಿಸುವವರು ಹೆಚ್ಚು ಓಡಿಸುವವರ ಖರ್ಚನ್ನೂ ಹೊರುತ್ತಿದ್ದರು, ಉಳಿದದ್ದನ್ನು ನಾವು ಹೊರುತ್ತಿದ್ದೆವು.

ಜಿಎಸ್‌ಟಿ ಇಳಿದಿದೆಯಲ್ಲ ಎನ್ನುವವರಿಗೆ: 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಬೈಕುಗಳಿಗೂ ಬಿಡಿಭಾಗಗಳಿಗೂ ತೆರಿಗೆ ಶೇ 28ರಿಂದ 18ಕ್ಕೆ ಇಳಿದದ್ದು ನಿಜ. ಬಿಡಿಭಾಗದಲ್ಲಿ ಇಳಿದದ್ದನ್ನು ಅಂದಿನಿಂದಲೇ ನಿಮ್ಮ ಬಿಲ್ಲಿನಲ್ಲಿ ಇಳಿಸಿದ್ದೇವೆ. ಆದರೆ ಸರ್ವಿಸ್ ಕೂಲಿಗೂ ಆಯಿಲಿಗೂ ಮೊದಲೂ ಶೇ 18 ಇತ್ತು, ಈಗಲೂ ಅಷ್ಟೇ ಇದೆ. ಹೊರದೇಶದಿಂದ ಬರುವ ರೇಸ್ ಬೈಕಿನ ಬಿಡಿಭಾಗಕ್ಕೆ ಆಮದು ಸುಂಕವೂ ಡಾಲರಿನ ಬೆಲೆಯೂ ಕೂಡಿಕೊಳ್ಳುತ್ತವೆ. ಅದು ನಮ್ಮ ಕೈಯಲ್ಲಿಲ್ಲ.

ಬೂಟು, ಮಂಡಿ ಗಾರ್ಡು, ಎದೆಕವಚ ಇಲ್ಲದವರನ್ನು ನಮ್ಮ ಭಾನುವಾರದ ಸವಾರಿಗೆ ಕರೆದೊಯ್ಯುವುದಿಲ್ಲ ಎಂಬ ನಿಯಮದಲ್ಲಿ ಬದಲಾವಣೆ ಇಲ್ಲ. ನಾವು ಅವುಗಳನ್ನು ಮಾರುವುದೂ ಇಲ್ಲ. ಎಲ್ಲಾದರೂ ಕೊಳ್ಳಿ, ಆದರೆ ಹಾಕಿಕೊಂಡು ಬನ್ನಿ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಥರ್ಮೋಕೋಲ್ ಕುಗ್ಗಿರುತ್ತದೆ, ಅದನ್ನು ಬದಲಾಯಿಸಿ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ, ಹಲವು ದಿನ ನಡೆಯುವ ಮರುಭೂಮಿ ರೇಸಾದ ಡಕಾರ್ ರ‍್ಯಾಲಿ ಓಡಿಸಿದ ಮೊದಲ ಭಾರತೀಯ. 2021ರಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ‍್ಯಾಲಿಯ ನಾಲ್ಕನೇ ಹಂತದಲ್ಲಿ ಅವರು ಬಿದ್ದಾಗ ಹೆಲಿಕಾಪ್ಟರಿನಲ್ಲಿ ರಿಯಾದ್ ಆಸ್ಪತ್ರೆಗೆ ಒಯ್ದರು, ಔಷಧಿ ಕೊಟ್ಟು ಕೋಮಾದಲ್ಲಿ ಇರಿಸಬೇಕಾಯಿತು. ಅವರು ಚೇತರಿಸಿಕೊಂಡದ್ದು ನಮ್ಮೆಲ್ಲರ ಭಾಗ್ಯ. ಸಕಲೇಶಪುರದ ತೋಟದೊಳಗೆ ಬಿದ್ದವರಿಗೆ ಹೆಲಿಕಾಪ್ಟರ್ ಬರುವುದಿಲ್ಲ. ಜೀಪು ಬರುವ ದಾರಿಯವರೆಗೆ ಹೊತ್ತು ತರಬೇಕು, ಅಲ್ಲಿಂದ ಹಾಸನಕ್ಕೆ 40 ಕಿಲೋಮೀಟರ್. ಹಾಗಾಗಿ ಒಬ್ಬರೇ ಹೋಗಬೇಡಿ. ಮಾಲೀಕರ ಅನುಮತಿ ಇರುವ ತೋಟ ಬಿಟ್ಟು ಮೀಸಲು ಅರಣ್ಯಕ್ಕೂ ಹಳ್ಳಕ್ಕೂ ಬೈಕು ಇಳಿಸುವವರ ಜೊತೆ ನಾವಿಲ್ಲ.

ವಿಮೆಯ ಬಗ್ಗೆ ಒಂದು ಮಾತು. ಸಾಮಾನ್ಯ ವಾಹನ ವಿಮೆ ರೇಸಿನಲ್ಲಿ ಆದ ನಷ್ಟಕ್ಕೆ ಹಣ ಕೊಡುವುದಿಲ್ಲ. ನೋಂದಣಿ ಇಲ್ಲದ ರೇಸ್ ಬೈಕನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತೆಯೇ ಇಲ್ಲ. ಪಿಕಪ್ ಬಾಡಿಗೆ ಉಳಿಸಲೆಂದು ಊರೊಳಗೆ ಓಡಿಸಿಕೊಂಡು ಗ್ಯಾರೇಜಿಗೆ ಬರಬೇಡಿ. ಕರೆ ಮಾಡಿದರೆ ನಾವೇ ಬಂದು ಒಯ್ಯುತ್ತೇವೆ, 15 ಕಿಲೋಮೀಟರ್ ಒಳಗಿನವರಿಗೆ ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ.

ಖರ್ಚು ಉಳಿಸಬೇಕೆನ್ನುವವರು ಮೇ ತಿಂಗಳ ಯಾವುದೇ ಬುಧವಾರ ಸಂಜೆ ಬನ್ನಿ. ಫಿಲ್ಟರ್ ತೊಳೆಯುವುದನ್ನೂ ಕಡ್ಡಿ ತಟ್ಟುವುದನ್ನೂ ನಿಮ್ಮ ಕೈಯಲ್ಲೇ ಮಾಡಿಸಿ ಕಲಿಸುತ್ತೇವೆ, ಶುಲ್ಕವಿಲ್ಲ. ಪೆಟ್ರೋಲಿನಲ್ಲಿ ತೊಳೆದರೆ ಸ್ಪಂಜಿನ ತುಂಡುಗಳನ್ನು ಕೂಡಿಸಿದ ಗೋಂದು ಬಿಟ್ಟುಹೋಗುತ್ತದೆ, ಅದನ್ನು ಮಾತ್ರ ಈಗಲೇ ನಿಲ್ಲಿಸಿ. ಜೊತೆಗೆ ಇನ್ನೊಂದು ಫಿಲ್ಟರ್ ಕೊಂಡಿಟ್ಟುಕೊಳ್ಳಿ. ಜುಲೈ ಮಳೆಯಲ್ಲಿ ತೊಳೆದ ಸ್ಪಂಜು ಒಣಗಲು ನಮ್ಮೂರಿನಲ್ಲಿ ಮೂರು ದಿನ ಬೇಕು.

ನಿಮ್ಮ ವಿಶ್ವಾಸದ,
ಗ್ಯಾರೇಜಿನ ನಾವು ಮೂವರು