ಗೆಳೆಯನಿಗೊಂದು ಪತ್ರ: ಬರೋಲೊದ 12 ಎಕರೆ

ಪ್ರೀತಿಯ ರಘು,

ಹೋದ ಭಾನುವಾರ ಇಟಲಿಯ ತೊರಿನೊದಿಂದ ಬರೋಲೊ ಅನ್ನುವ ಊರಿಗೆ ಹೋಗಿದ್ದೆ. ಇಲ್ಲಿಯ ಕೆಂಪು ವೈನ್‌ಗೂ ಬರೋಲೊ ಅಂತಲೇ ಹೆಸರು. ದ್ರಾಕ್ಷಿ ಕೀಳುವ ಕಾಲ. ಗುಡ್ಡ ಗುಡ್ಡವೇ ತೋಟ. ನಿಮ್ಮ ಕಡೆಯ ಹಾಗೆ ಚಪ್ಪರ ಇಲ್ಲ, ತಂತಿ ಎಳೆದು ಸಾಲಾಗಿ ಹಬ್ಬಿಸಿದ್ದಾರೆ. ಬಿಸಿಲೇರಿದರೂ ತಗ್ಗಿನಲ್ಲಿ ಮಂಜು ಹಾಗೇ ಕೂತಿತ್ತು. ಇಲ್ಲಿಯ ದ್ರಾಕ್ಷಿಗೆ ನೆಬ್ಬಿಯೋಲೊ ಅಂತ ಹೆಸರು. ಮಂಜಿಗೆ ಇವರು ನೆಬ್ಬಿಯಾ ಅನ್ನುತ್ತಾರೆ, ಹೆಸರು ಅದರಿಂದಲೇ ಬಂದದ್ದಂತೆ.

ಊರಿನ ಒಂದು ಸಣ್ಣ ಅಂಗಡಿಯಲ್ಲಿ ಬಾರ್ತೊಲೊ ಮಸ್ಕರೆಲ್ಲೊ ಮನೆತನದ ಬರೋಲೊ ಒಂದು ಗ್ಲಾಸ್ ಸಿಕ್ಕಿತು. ಕೆಂಪು ವೈನ್ ಅಂದರೆ ಕಡುಗಪ್ಪು ಅಂದುಕೊಂಡಿದ್ದೆ. ಇದು ತಿಳಿ. ಗ್ಲಾಸಿನ ಹಿಂದೆ ಬೆರಳಿಟ್ಟರೆ ಉಗುರು ಕಾಣಿಸಿತು. ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೂಗಿಗೆ ಒಣಗಿದ ಗುಲಾಬಿಯ ವಾಸನೆ. ಬಾಯಿಗೆ ಹಾಕಿದರೆ ಒಗರು! ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಬಣ್ಣ ಇಷ್ಟು ತಿಳಿ, ಒಗರು ಅಷ್ಟು ಗಟ್ಟಿ.

ಇವರ ತೋಟ ಸುಮಾರು 12 ಎಕರೆ ಅಷ್ಟೇ, ಅದೂ ಒಂದೇ ಕಡೆ ಇಲ್ಲ. ಬರೋಲೊ ವೈನ್‌ಗೆ ಹೋಗುವುದು ನಾಲ್ಕು ತುಂಡು ತೋಟಗಳ ದ್ರಾಕ್ಷಿ. ಕನ್ನೂಬಿ, ಸಾನ್ ಲೊರೆಂಜೊ, ರೂಎ ಬರೋಲೊ ಊರಲ್ಲಿವೆ, ರೊಕ್ಕೆ ಪಕ್ಕದೂರು ಲಾ ಮೊರ್ರಾದಲ್ಲಿ. ಕನ್ನೂಬಿಗೆ ಎಷ್ಟು ಹೆಸರು ಅಂದರೆ, ಅದನ್ನೊಂದನ್ನೇ ಬೇರೆ ಬಾಟಲಿಗೆ ತುಂಬಿದ್ದರೆ ಬೇಕಾದಷ್ಟು ಬೆಲೆ ಬರುತ್ತಿತ್ತು. ತೋಟ ನಡೆಸುತ್ತಿದ್ದ ಬಾರ್ತೊಲೊ ಒಪ್ಪಲಿಲ್ಲ. ನಾಲ್ಕನ್ನೂ ಬೆರೆಸಿಯೇ ವೈನ್ ಮಾಡಿದರು. ಒಂದು ವರ್ಷ ಒಂದು ತುಂಡು ಸೊರಗಿದರೆ ಇನ್ನೊಂದು ಕೈಹಿಡಿಯುತ್ತದೆ, ಅಲ್ವಾ? ಮೇಲಿನ ಹೊಲ, ಕೆರೆ ಪಕ್ಕದ ಹೊಲ ಅಂತ ನಿಮ್ಮಪ್ಪ ಲೆಕ್ಕ ಹಾಕುವುದು ನೆನಪಾಯಿತು.

ಸುತ್ತಲಿನವರೆಲ್ಲ ಬಾರಿಕ್ ಅನ್ನುವ 225 ಲೀಟರಿನ ಸಣ್ಣ ಪೀಪಾಯಿಗೆ ಬದಲಾಗುತ್ತಿದ್ದಾಗಲೂ ಬಾರ್ತೊಲೊ ದೊಡ್ಡ ಪೀಪಾಯಿ ಬಿಡಲಿಲ್ಲ. ಸಣ್ಣದರಲ್ಲಿ ಮರದ ವಾಸನೆ ಜಾಸ್ತಿ ಇಳಿಯುತ್ತದೆ, ದ್ರಾಕ್ಷಿಯ ರುಚಿ ಅದರಡಿ ಮುಚ್ಚಿಹೋಗುತ್ತದೆ. ನನಗಂತೂ ಅವರ ಮಾತೇ ಸರಿ ಅನ್ನಿಸುತ್ತದೆ. ವಯಸ್ಸಾಗಿ ಗಾಲಿಕುರ್ಚಿ ಹಿಡಿದ ಮೇಲೆ ಕೂತಲ್ಲೇ ಲೇಬಲ್ ಬರೆಯುತ್ತಿದ್ದರು, ಬಣ್ಣ ಹಚ್ಚಿ, ಕೈಯಿಂದ. ಒಂದರ ಮೇಲೆ ‘ಬಾರಿಕ್ ಬೇಡ, ಬೆರ್ಲುಸ್ಕೋನಿ ಬೇಡ’ ಅಂತ ಬರೆದದ್ದು ದೇಶಕ್ಕೆಲ್ಲ ಗೊತ್ತಾಯಿತು (ಬೆರ್ಲುಸ್ಕೋನಿ ಇಲ್ಲಿ ಪ್ರಧಾನಿಯಾಗಿದ್ದವರು). ಬಾರ್ತೊಲೊ 2005ರಲ್ಲಿ ತೀರಿಕೊಂಡರು. ಈಗ ಮಗಳು ಮರಿಯಾ ತೆರೇಸಾ ಅದೇ ದಾರಿಯಲ್ಲಿ ನಡೆಸುತ್ತಿದ್ದಾರೆ.

ನಿಮ್ಮ ಬೆಂಗಳೂರು ಬ್ಲೂ ದ್ರಾಕ್ಷಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಇಲ್ಲಿ ಒಂದೇ. ಅದಾದ ಮೇಲೂ ಕಾಯಬೇಕು. ಬರೋಲೊ ಅಂತ ಮಾರಬೇಕಾದರೆ ಕನಿಷ್ಠ 38 ತಿಂಗಳು ಇಡಲೇಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಕಾನೂನೇ ಹಾಗಿದೆ. ಮೊನ್ನೆ ಕಿತ್ತ ಹಣ್ಣು ವೈನಾಗಿ ಅಂಗಡಿಗೆ ಬರುವಷ್ಟರಲ್ಲಿ, ಈಗ ಏಳನೇ ಕ್ಲಾಸಿನಲ್ಲಿರುವ ನಿನ್ನ ಮಗಳು ಹತ್ತನೇ ಕ್ಲಾಸಿನಲ್ಲಿರುತ್ತಾಳೆ.

ಒಂದು ಬಾಟಲಿ ಕೊಂಡಿದ್ದೇನೆ. ದುಡ್ಡು ಜಾಸ್ತಿಯೇ ಆಯಿತು, ಆದರೆ ನಿಮ್ಮಪ್ಪನಿಗೆ ಕುಡಿಸಲೇಬೇಕು. ಜನವರಿಯಲ್ಲಿ ತರುತ್ತೇನೆ. ಒಂದೆರಡು ದಿನ ಅಲ್ಲಾಡಿಸದೆ ನಿಲ್ಲಿಸಿಡೋಣ, ಗಸಿ ತಳಕ್ಕೆ ಕೂರಲಿ. ಮಟನ್‌ಗೆ ಖಾರ ಸ್ವಲ್ಪ ಕಡಿಮೆ ಹಾಕಲು ಅಮ್ಮನಿಗೆ ಹೇಳು. ಖಾರ ಹೆಚ್ಚಾದರೆ ಒಗರು ಇನ್ನೂ ಏರುತ್ತದೆ.

ನಿನ್ನ,
ಸುರೇಶ