ಕ್ಯಾಶ್ ಎಷ್ಟು ಬೇಕು ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ರಘು,

ಮೊನ್ನೆ ವಾಟ್ಸಾಪ್‌ನಲ್ಲಿ ನೀನು ಕೇಳಿದ ಪ್ರಶ್ನೆ ನೋಡಿ ಒಬ್ಬನೇ ನಕ್ಕೆ. 'ಡಿಸೆಂಬರ್‌ನಲ್ಲಿ ಬರ್ತಿದೀನಿ, ಕೈಯಲ್ಲಿ ಎಷ್ಟು ಕ್ಯಾಶ್ ಇಟ್ಕೋಬೇಕು? ನನ್ನ ಇಲ್ಲಿನ ನಂಬರಿಗೆ ಯುಪಿಐ ಬರ್ತಿಲ್ಲ' ಅಂತ. ಅಲ್ಲ ಮಾರಾಯ, ನಾವು ಚಿಕ್ಕವರಿದ್ದಾಗ ಫಾರಿನ್ ಅಂದರೆ ಎಲ್ಲಾ ಮೆಷಿನ್, ಎಲ್ಲಾ ಕಾರ್ಡು ಅಂದುಕೊಂಡಿದ್ದೆವು. ಈಗ ನೋಡಿದರೆ ನೀನು ಜರ್ಮನಿಯಲ್ಲಿ ಜೇಬಿನ ತುಂಬ ನಾಣ್ಯ ಇಟ್ಟುಕೊಂಡು ಬ್ರೆಡ್ ತರಲು ಹೋಗುತ್ತೀಯ. ಇಲ್ಲಿ ಗೋಪಿ ಸರ್ಕಲ್ ಹತ್ತಿರ ಎಳನೀರು ಮಾರುವವನು ಮಚ್ಚಿನ ಪಕ್ಕ ಕ್ಯೂಆರ್ ಕೋಡ್ ನೇತು ಹಾಕಿದ್ದಾನೆ. ನಿಮ್ಮ ಕಡೆಯ ಸೆಂಟ್ರಲ್ ಬ್ಯಾಂಕೇ 2023ರಲ್ಲಿ ಲೆಕ್ಕ ಹಾಕಿದಾಗ ಅರ್ಧಕ್ಕರ್ಧ ವ್ಯವಹಾರ ಇನ್ನೂ ನಗದಿನಲ್ಲೇ ನಡೆಯುತ್ತಿತ್ತು. ಇಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟು ಎರಡು ಸಾವಿರ ಕೋಟಿ ಸಲ ನಡೆದಿದೆ. ದುಡ್ಡಿನ ಮೊತ್ತ ಅಲ್ಲ ಕಣೋ, ಎಷ್ಟು ಸಲ ಅನ್ನೋ ಲೆಕ್ಕ.

ನಿನ್ನ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಹೋದ ವಾರ ಒಂದು ಸಣ್ಣ ಘಟನೆ ನಡೆಯಿತು. ಅದು ತಲೆಯಲ್ಲೇ ಕೂತುಬಿಟ್ಟಿದೆ.

ದುರ್ಗಿಗುಡಿಯ ಒಂದು ಹೋಟೆಲಿನಲ್ಲಿ ತಿಂಡಿ ತಿಂದೆ. ಎರಡು ಇಡ್ಲಿ, ಒಂದು ವಡೆ, ಕಾಫಿ. ಕೌಂಟರ್ ಹತ್ತಿರ ಬಂದು ಫೋನ್ ತೆಗೆದರೆ ಸ್ವಿಚ್ ಆಫ್. ರಾತ್ರಿ ಚಾರ್ಜ್‌ಗೆ ಹಾಕಿದ್ದೆ, ಸ್ವಿಚ್ ಒತ್ತಲು ಮರೆತಿದ್ದೆ. ಪರ್ಸ್ ತೆರೆದರೆ ಅದರಲ್ಲಿ ಡ್ರೈವಿಂಗ್ ಲೈಸೆನ್ಸು, ದೇವಸ್ಥಾನದ ಕುಂಕುಮದ ಪೊಟ್ಟಣ, ಅಷ್ಟೇ. ಹಿಂದೆ ನಾಲ್ಕು ಜನ ನಿಂತಿದ್ದಾರೆ. ನನಗೆ ಬೆವರು. ಗಲ್ಲಾದಲ್ಲಿ ಕೂತಿದ್ದವರು ನನ್ನ ಮುಖ ನೋಡಿದರು. ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಅಲ್ಲಿ ತಿನ್ನುತ್ತಿದ್ದೇನೆ, ಅವರು ನನ್ನ ಮುಖ ಸರಿಯಾಗಿ ನೋಡಿದ್ದು ಅದೇ ಮೊದಲು. 'ನಾಳೆ ಕೊಡಿ ಸಾರ್' ಅಂದರು.

ಮಾರನೇ ದಿನ ಬರೀ ಆ ದುಡ್ಡು ಕೊಡಲೆಂದೇ ಹೋದೆ. 'ಇದಕ್ಕೋಸ್ಕರ ಬಂದ್ರಾ?' ಅಂದರು. ಹೌದು ಅಂದೆ. ಊರು ಯಾವುದು, ಕೆಲಸ ಎಲ್ಲಿ, ಎಲ್ಲಾ ಬಂತು. ಅವರ ಹೆಂಡತಿಯ ತವರು ನಮ್ಮ ರಿಪ್ಪನ್‌ಪೇಟೆ ಕಡೆಯಂತೆ! ಎರಡು ವರ್ಷದ ಪರಿಚಯ ಶುರುವಾಗಲು ನಾನು ಒಂದು ದಿನ ಸಾಲ ಹೇಳಬೇಕಾಯಿತು ನೋಡು.

ಅಲ್ಲಿಗೇ ನನಗೆ ಹೊಳೆದದ್ದು. ನಾವು ಜನರ ಜೊತೆ ಬಾಕಿ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದೇವೆ. ತಿಂದ ಕೂಡಲೇ ಸ್ಕ್ಯಾನ್, ಗಲ್ಲಾದ ಮೇಲಿನ ಡಬ್ಬಿ 'ಎಪ್ಪತ್ತು ರೂಪಾಯಿ ಬಂದಿದೆ' ಅಂತ ಕೂಗುತ್ತದೆ, ಲೆಕ್ಕ ಚುಕ್ತಾ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರ ಕಾಟಕ್ಕೆ ಆ ಡಬ್ಬಿ ಬೇಕೇ ಬೇಕು, ಒಪ್ಪುತ್ತೇನೆ. ಅಂಗಡಿಯವರು ಅದಕ್ಕೆ ತಿಂಗಳ ಬಾಡಿಗೆಯನ್ನೂ ಕಟ್ಟುತ್ತಾರೆ. ಆದರೆ ಡಬ್ಬಿ ಕೂಗಿದ ಮೇಲೆ ಯಾರೂ ಯಾರ ಮುಖ ನೋಡಬೇಕಾಗಿಲ್ಲ.

ಬೆಂಗಳೂರಿನ ಸಿಟಿ ಬಸ್ಸು ನೆನಪಿದೆಯಾ? ಕಂಡಕ್ಟರ್ ಟಿಕೆಟ್ ಹಿಂದೆ '5' ಅಂತ ಬರೆದು ಸುತ್ತ ಒಂದು ಸೊನ್ನೆ ಎಳೆಯುತ್ತಿದ್ದರು. ಇಳಿಯುವ ಹೊತ್ತಿಗೆ ಅವರು ಮುಂದಿನ ಬಾಗಿಲಲ್ಲಿ, ನಾವು ಹಿಂದಿನ ಬಾಗಿಲಲ್ಲಿ. ಒಮ್ಮೆ ನನಗೂ ಯಾರೋ ಅಪರಿಚಿತರಿಗೂ ಸೇರಿಸಿ ಹತ್ತರ ಒಂದೇ ನೋಟು ಕೊಟ್ಟು 'ಇಳಿದು ಇಬ್ರೂ ಹಂಚ್ಕೊಳ್ಳಿ' ಅಂದಿದ್ದರಲ್ಲ. ಎಲ್ಲೂ ಚಿಲ್ಲರೆ ಸಿಗದೆ ಅದೇ ಹತ್ತು ರೂಪಾಯಿಗೆ ಬೈಟು ಕಾಫಿ ಕುಡಿದು ಬಂದೆವು. ನೀನು ಅದನ್ನು ಪಿಜಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಈಗ ಕಂಡಕ್ಟರ್ ಕೈಯ ಮೆಷಿನ್‌ನಲ್ಲೇ ಕ್ಯೂಆರ್ ಬರುತ್ತದೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡೇ ಇಲ್ಲ. ಚಿಲ್ಲರೆ ಜಗಳ ಅರ್ಧಕ್ಕರ್ಧ ಮುಗಿದೇಹೋಯಿತು. ಒಂದು ರೂಪಾಯಿ ಬದಲು ಚಾಕೊಲೇಟ್ ಕೊಡುತ್ತಿದ್ದ ಮೆಡಿಕಲ್ ಶಾಪಿನವರೂ ಈಗ ಕೊಡುವುದಿಲ್ಲ. ಅದಕ್ಕೆ ಮಾತ್ರ ನನಗೆ ಯಾವ ಬೇಜಾರೂ ಇಲ್ಲ.

ಹಳೇದೆಲ್ಲಾ ಚೆನ್ನಾಗಿತ್ತು ಅಂತ ಹಾಡುತ್ತಿದ್ದಾನೆ ಅಂದುಕೊಳ್ಳಬೇಡ. ಉದ್ರಿ ಎಲ್ಲರಿಗೂ ಸಿಗುತ್ತಿರಲಿಲ್ಲ. ನಮ್ಮಪ್ಪ ಮೇಷ್ಟ್ರು, ಹಾಗಾಗಿ ನಮ್ಮ ಹೆಸರಿಗೆ ಅಂಗಡಿಯಲ್ಲಿ ಉದ್ದನೆಯ ಪುಸ್ತಕ ಇತ್ತು. 'ಇಂದು ನಗದು ನಾಳೆ ಉದ್ರಿ' ಬೋರ್ಡು ಇದ್ದದ್ದು ಬೇರೆಯವರಿಗೆ. ಇನ್ನೊಂದನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೇವೆ. ಕೇರಿಯಿಂದ ಬಂದವರ ಕೈಗೆ ಚಿಲ್ಲರೆಯನ್ನು ಒಂದು ಗೇಣು ಮೇಲಿಂದ ಬೀಳಿಸುತ್ತಿದ್ದರು, ಕೈಗೆ ಕೈ ತಾಗಬಾರದು ಅಂತ. ನಾಣ್ಯ ಅಂಗೈಗೆ ಬಡಿದು ನೆಲಕ್ಕೆ ಬಿದ್ದರೆ ಬಗ್ಗಿ ಹೆಕ್ಕಿಕೊಳ್ಳಬೇಕಿತ್ತು. ನಾವು ಪಕ್ಕದಲ್ಲೇ ಪೆಪ್ಪರಮಿಂಟ್ ಚೀಪುತ್ತಾ ನಿಂತಿರುತ್ತಿದ್ದೆವು, ಅದರಲ್ಲಿ ಏನೋ ತಪ್ಪಿದೆ ಅಂತ ಅನ್ನಿಸಿಯೂ ಇರಲಿಲ್ಲ. ಈಗ ಅದೇ ಅಂಗಡಿಗೆ ಅವರ ಮೊಮ್ಮಕ್ಕಳು ಬೈಕಿನಲ್ಲಿ ಬಂದು, ಸ್ಕ್ಯಾನ್ ಮಾಡಿ, ಸಾಮಾನು ತೆಗೆದುಕೊಂಡು ಹೋಗುತ್ತಾರೆ. ಡಬ್ಬಿ ಎಲ್ಲರಿಗೂ ಒಂದೇ ದನಿಯಲ್ಲಿ ಕೂಗುತ್ತದೆ. ಮುಖ ನೋಡದೆ ಇರುವುದೇ ಕೆಲವರಿಗೆ ದೊಡ್ಡ ನೆಮ್ಮದಿ ಇರಬಹುದು, ಅಲ್ವಾ? ನನ್ನ ಹೋಟೆಲ್ ಕಥೆ ಬರೆಯುವಾಗ ಇದು ನೆನಪಾಗಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಅದೇ ಗಲ್ಲಾದಲ್ಲಿ ಫೋನ್ ಸತ್ತವನು ಬಿಳಿ ಶರ್ಟಿನ ನಾನಲ್ಲದೆ ಮಣ್ಣಿನ ಕೈಯ ಕೂಲಿಯವನಾಗಿದ್ದರೆ 'ನಾಳೆ ಕೊಡಿ ಸಾರ್' ಬರುತ್ತಿತ್ತಾ?

ಲೆಕ್ಕ ಅಂದಮೇಲೆ 2025ರ ಜುಲೈ ಗಲಾಟೆ ಹೇಳಲೇಬೇಕು. ನೀನು ಅಲ್ಲಿ ಬರೀ ಹೆಡ್ಡಿಂಗ್ ಓದಿರುತ್ತೀಯ. ವಾಣಿಜ್ಯ ತೆರಿಗೆ ಇಲಾಖೆಯವರು 2021-22ರಿಂದ ಯಾರ ಯುಪಿಐಗೆ ವರ್ಷಕ್ಕೆ ಎಷ್ಟು ಬಂದಿದೆ ಅಂತ ನೋಡಿ, ಎಷ್ಟೋ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಕಳಿಸಿದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ಕೇಳಲು ದೊಡ್ಡದು. ಭಾಗಿಸಿ ನೋಡು, ದಿನಕ್ಕೆ ಹೆಚ್ಚುಕಡಿಮೆ ಹನ್ನೊಂದು ಸಾವಿರ ಆಗುತ್ತದೆ. ಜನ ಓಡಾಡುವ ಜಾಗದಲ್ಲಿ ಬೇಕರಿ-ಕಾಂಡಿಮೆಂಟ್ಸ್ ಇಟ್ಟವನಿಗೆ ಅದು ವ್ಯಾಪಾರ, ಲಾಭ ಅಲ್ಲ. ಅದೇ ನಂಬರಿಗೆ ಭಾವಮೈದುನ ವಾಪಸ್ ಕೊಟ್ಟ ಕೈಸಾಲ, ಚೀಟಿ ದುಡ್ಡು ಎಲ್ಲಾ ಬಂದಿರುತ್ತದೆ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ನೋಟಿಸ್ ಬಂದಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನಲ್ಲಿ ರಾತ್ರೋರಾತ್ರಿ ಕ್ಯೂಆರ್ ಕೋಡ್ ಕಿತ್ತು 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಕಾಗದ ಅಂಟಿಸಿದರು. ಬಂದ್ ಮಾಡುತ್ತೇವೆ ಅಂದರು. ಕೊನೆಗೆ ಜುಲೈ 23ಕ್ಕೆ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂದಮೇಲೆ ತಣ್ಣಗಾಯಿತು. ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಗಟ್ಟಲೆ 'ಎಲ್ಲಾ ಡಿಜಿಟಲ್ ಮಾಡಿ' ಅಂತ ಬೆನ್ನು ತಟ್ಟಿ, ಆಮೇಲೆ ಅದೇ ಪುಸ್ತಕ ತೆರೆದು ಒಟ್ಟಿಗೆ ಬಿಲ್ ಮಾಡಿದರೆ ಹೇಗೆ? ಉದ್ರಿ ಪುಸ್ತಕವಾದರೂ ಅಂಗಡಿಯವನ ಗಲ್ಲಾದೊಳಗೆ ಇರುತ್ತಿತ್ತು.

ಇನ್ನು ಮದುವೆ. ಮೇ ತಿಂಗಳಲ್ಲಿ ತೀರ್ಥಹಳ್ಳಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ ಆಯಿತು. ಮುಯ್ಯಿ ಬರೆಯುವ ಟೇಬಲ್ಲಿಗೆ ಎಂದಿನಂತೆ ನಮ್ಮ ದೊಡ್ಡಮಾವ ಕೂತರು. ಪಕ್ಕದಲ್ಲಿ ಹುಡುಗರು ಕ್ಯೂಆರ್ ಕೋಡಿನ ಒಂದು ಸ್ಟ್ಯಾಂಡ್ ಇಟ್ಟರು. ದೊಡ್ಡಮಾವನ ಮುಖ ಸಣ್ಣಗಾಯಿತು. ಅವರ ಮೊದಲ ತಕರಾರು: 'ಐನೂರು ಬಂತು ಸರಿ, ಮೇಲಿನ ಒಂದು ರೂಪಾಯಿ ಎಲ್ಲಿ?' ಅದನ್ನು 501 ಅಂತ ಒತ್ತಬಹುದು ಅಂತ ತೋರಿಸಿದೆವು. ಸಮಾಧಾನ ಆಗಲಿಲ್ಲ, ಕವರಿನ ಮೇಲೆ ನಾಣ್ಯ ಕೈಗೆ ಸಿಗಬೇಕಂತೆ. ಎರಡನೇ ತಕರಾರು ನಿಜಕ್ಕೂ ತೂಕದ್ದು. ಕೊಪ್ಪದ ಕಡೆಯಿಂದ ಒಬ್ಬರು ಅಜ್ಜಿ ಬಂದಿದ್ದರು. ಸೆರಗಿನ ಗಂಟಿನಿಂದ 200 ರೂಪಾಯಿ ತೆಗೆದು ಮೊಮ್ಮಗನಿಗೆ ಕೊಟ್ಟರು. ಅವನು ಅದನ್ನು ಜೇಬಿಗೆ ಹಾಕಿಕೊಂಡು ತನ್ನ ಫೋನಿನಿಂದ 201 ಕಳಿಸಿದ. ಸ್ಕ್ರೀನಿನ ಮೇಲೆ ಬಂದದ್ದು ಅವನ ಹೆಸರು, ಹಿಂದೆ ಎರಡು ಇನಿಷಿಯಲ್. ಅಜ್ಜಿ ಮಾತ್ರ ಟೇಬಲ್ ಬಿಟ್ಟು ಕದಲಲಿಲ್ಲ. 'ನನ್ನ ಹೆಸರು ಬರ್ಕೊಂಡ್ರಾ?' ದೊಡ್ಡಮಾವ ಕನ್ನಡಕ ಸರಿಮಾಡಿಕೊಂಡು, ಊರು, ಮನೆ ಹೆಸರು, ಅಜ್ಜಿಯ ಹೆಸರು, ಎಲ್ಲಾ ಕೇಳಿ ಕೇಳಿ ಪುಸ್ತಕದಲ್ಲಿ ಬರೆದರು. ಅಜ್ಜಿ ಆಮೇಲೆ ಊಟಕ್ಕೆ ಹೋದರು. ಆ ಪುಸ್ತಕ ನೋಡಿಯೇ ನಾಳೆ ಅವರ ಮನೆಯ ಕಾರ್ಯಕ್ಕೆ ಇವರು ಮುಯ್ಯಿ ಹಾಕಬೇಕು. ತಲೆಮಾರಿನಿಂದ ತಲೆಮಾರಿಗೆ ಯಾರೂ ತೀರಿಸಿ ಮುಗಿಸದ ಸಾಲ ಅದು. ಮುಗಿಸಿದರೆ ಸಂಬಂಧವೇ ಮುಗಿದ ಹಾಗೆ. ಆ ಅಜ್ಜಿಗೆ ಇದು ಗೊತ್ತಿತ್ತು, ಮೊಮ್ಮಗನಿಗೆ ಗೊತ್ತಿರಲಿಲ್ಲ. ನನಗೂ ಅವತ್ತೇ ಗೊತ್ತಾದದ್ದು ಅನ್ನು.

ಸರಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ಏರ್‌ಪೋರ್ಟಿನಲ್ಲಿ ಯೂರೋ ಬದಲಾಯಿಸಿದರೆ 500ರ ನೋಟುಗಳನ್ನೇ ಕೈಗೆ ಇಡುತ್ತಾರೆ. ಅದನ್ನು ಹಿಡಿದುಕೊಂಡು ಟೀ ಅಂಗಡಿಗೆ ಹೋದರೆ ನಿನ್ನನ್ನು ಕಳ್ಳನ ಹಾಗೆ ನೋಡುತ್ತಾರೆ. ಗಲ್ಲಾದಲ್ಲಿ ಚಿಲ್ಲರೆ ಇಟ್ಟುಕೊಳ್ಳುವ ಅಭ್ಯಾಸವೇ ಹೋಗಿದೆ. 'ಫೋನ್‌ಪೇ ಮಾಡಿ ಸಾರ್' ಅನ್ನುತ್ತಾರೆ, ನಿನಗೆ ಅದಿಲ್ಲ. ಆಟೋದವರಿಗಂತೂ ಹತ್ತು, ಇಪ್ಪತ್ತರ ನೋಟೇ ಬೇಕು.

ಈ ವಿಷಯ ಅಮ್ಮನಿಗೆ ಹೇಳಿದೆ. ಅವಳು ಏನೂ ಮಾತಾಡದೆ ಅಡುಗೆಮನೆಗೆ ಹೋಗಿ ಮೇಲಿನ ಸ್ಟ್ಯಾಂಡಿನಿಂದ ಸಾಸಿವೆ ಡಬ್ಬಿಯ ಹಿಂದಿದ್ದ ಹಾರ್ಲಿಕ್ಸ್ ಬಾಟಲಿ ಇಳಿಸಿದಳು. ಹತ್ತರ ನೋಟುಗಳ ಸುರುಳಿ, ಐದರ ನಾಣ್ಯ, ಯಾರೂ ತೆಗೆದುಕೊಳ್ಳದ ಹತ್ತರ ನಾಣ್ಯ ಕೂಡ. ನೆಲದ ಮೇಲೆ ಕೂತು ಎರಡು ಸಲ ಎಣಿಸಿದಳು. 1,160 ರೂಪಾಯಿ. ಎಲ್ಲಾ ನಿನಗೇ ಅಂತ ಎತ್ತಿಟ್ಟಿದ್ದಾಳೆ. ಕ್ಯಾಲೆಂಡರಿನ ಹಿಂದೆ, ಹಾಲಿನ ಲೆಕ್ಕದ ಕೆಳಗೆ, ನಿನ್ನ ಹೆಸರು ಬರೆದು ಮುಂದೆ ಆ ಮೊತ್ತ ಹಾಕಿದ್ದಾಳೆ. ಬಂದಾಗ ಕೊಟ್ಟರೆ ಸಾಕಂತೆ.

ಇಂತಿ ನಿನ್ನ,
ಮಂಜ
ಶಿವಮೊಗ್ಗ