ಹಂದರದ ಗುಂಡಿ ಮುಚ್ಚಿಸಿ, ಮೈದಾನ ಬಿಡಿಸಿ ಕೊಡಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ ಸರ್. ಕೊಂಕಣಿಯಲ್ಲಿ ಎರಡು ಅರ್ಜಿ ಕೊಟ್ಟಾಯಿತು, ಉತ್ತರ ಇಲ್ಲ. ಈ ಸಲ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಚುನಾವಣೆ ಬಂದಾಗ ನಮ್ಮ ಓಣಿಗೆ ಕನ್ನಡದ ಕರಪತ್ರ ಹಂಚಿಸುತ್ತೀರಿ. ಓದಿ ಹೇಳುವವರು ನಿಮ್ಮ ಹತ್ತಿರ ಇದ್ದೇ ಇರುತ್ತಾರೆ, ಅಲ್ವಾ?

ನಾನು ಬಾಗಲಕೋಟೆ ಕಡೆಯವನು. ಇಪ್ಪತ್ತೆರಡು ವರ್ಷದಿಂದ ಗೋವಾದಲ್ಲಿ ಹಳದಿ ಮಡ್‌ಗಾರ್ಡಿನ ಬೈಕ್ ಟ್ಯಾಕ್ಸಿ ಓಡಿಸುವ ಪೈಲಟ್. 2022ರ ಅಕ್ಟೋಬರ್‌ನಲ್ಲಿ ಮಗಳನ್ನು ಫಾತೋರ್ಡಾ ಸ್ಟೇಡಿಯಂಗೆ ಕರೆದುಕೊಂಡು ಹೋಗಿ, 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಪಂದ್ಯ ತೋರಿಸಿದೆ. ಆಗ ಅವಳಿಗೆ ಒಂಬತ್ತು. ಅಂದು ಹತ್ತಿದ ಫುಟ್ಬಾಲ್ ಹುಚ್ಚು ಇನ್ನೂ ಇಳಿದಿಲ್ಲ.

ನಾನು ಕೇಳುವುದು ಜಾಸ್ತಿ ಏನಲ್ಲ. ಮಂಗಳವಾರ, ಶುಕ್ರವಾರ ಸಂಜೆ ಐದರಿಂದ ಆರೂವರೆ ನಮ್ಮ ವಾರ್ಡಿನ ಮೈದಾನವನ್ನು ಹುಡುಗಿಯರಿಗೆ ಬಿಡಿಸಿ ಕೊಡಿ. ಕಲಿಸುವ ಮಿಸ್‌ಗೆ ಸಂಬಳ ಕೊಡಿಸಿ.

ಮೇ ತಿಂಗಳಲ್ಲಿ ಆ ಮೈದಾನದಲ್ಲಿ ಯಾರದೋ ಮದುವೆ ಆಯಿತು. ಹಂದರ ಹಾಕಿದರು, ಊಟ ಆಯಿತು, ಕಂಬ ಕಿತ್ತುಕೊಂಡು ಹೋದರು. ಗುಂಡಿ ಮುಚ್ಚಲಿಲ್ಲ. ಮಳೆ ಬಿದ್ದ ಮೇಲೆ ಕೆಂಪು ನೀರು ನಿಂತು ನೆಲ ಯಾವುದು, ಗುಂಡಿ ಯಾವುದು ಗೊತ್ತಾಗದ ಹಾಗಾಯಿತು. ಚೆಂಡಿನ ಹಿಂದೆ ಓಡಿ ಬಂದ ನನ್ನ ಮಗಳ ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಮೂಳೆ ಬಿರುಕು ಬಿಟ್ಟು ಐದು ವಾರ ಪ್ಲಾಸ್ಟರ್. ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ "ಅಪ್ಪಾ, ನನ್ನ ಇನ್ನೊಂದು ಶೂ ಗುಂಡಿಯಲ್ಲೇ ಇದೆ" ಅಂತ ಅಳುತ್ತಿದ್ದಳು.

ಮರುದಿನ ದುಡಿಮೆ ಬಿಟ್ಟು ಕಚೇರಿಗೆ ಹೋದೆ. "ಅವಳಿಗೆ ಆಡೋಕೆ ಪರ್ಮಿಷನ್ ಇತ್ತಾ?" ಅಂದರು. ಮದುವೆಯವರಿಗೆ ಗುಂಡಿ ತೋಡೋಕೆ ಪರ್ಮಿಷನ್ ಇತ್ತಾ ಅಂತ ನಾನೂ ಕೇಳಿದೆ. ಊಟಕ್ಕೆ ಅಂತ ಎದ್ದವರು ನಾಲ್ಕು ಗಂಟೆಯಾದರೂ ಬರಲಿಲ್ಲ. ಬಾಡಿಗೆಗೆ ಕೊಟ್ಟ ಮೇಲೆ ಮೈದಾನ ಸರಿ ಮಾಡಿಸುವುದು ಯಾರ ಕೆಲಸ ಅಂತ ನಿಮಗೆ ನಾನು ಹೇಳಬೇಕಾ ಸರ್?

2025ರ ಜುಲೈನಲ್ಲಿ ನಮ್ಮ ಮಹಿಳಾ ತಂಡ ಥಾಯ್ಲೆಂಡನ್ನು 2–1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಸರ್ಕಲ್‌ನಲ್ಲಿ ನಿಮ್ಮ ಬ್ಯಾನರ್ ಎದ್ದಿತು. ನಿಮ್ಮ ಮುಖ ಇತ್ತು, ನಿಮ್ಮ ತಮ್ಮನ ಮುಖ ಇತ್ತು. ಆಟಗಾರ್ತಿ ಒಬ್ಬಳೂ ಇರಲಿಲ್ಲ. ಭಾಷಣದಲ್ಲಿ ಮೇಮೋಲ್ ರಾಕಿ ನಮ್ಮ ಗೋವಾದ ಹೆಮ್ಮೆ ಅಂದಿರಿ. ಅದು ನಿಜವೇ. ಭಾರತಕ್ಕೆ ಆಡಿದವರು, 2017ರಲ್ಲಿ ಹಿರಿಯ ಮಹಿಳಾ ತಂಡಕ್ಕೆ ಮುಖ್ಯ ಕೋಚ್ ಆದ ಮೊದಲ ಮಹಿಳೆ. 2018ರಲ್ಲಿ ಅವರ ತಂಡ ಮೊದಲ ಸಲ ಒಲಿಂಪಿಕ್ ಅರ್ಹತಾ ಪಂದ್ಯಗಳ ಎರಡನೇ ಸುತ್ತು ಮುಟ್ಟಿತು. 2019ರಲ್ಲಿ ಬಿರಾಟ್‌ನಗರದಲ್ಲಿ ನೇಪಾಳವನ್ನು ಅವರ ನೆಲದಲ್ಲೇ 3–1ರಿಂದ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಿತು. 2021ರಲ್ಲಿ ಅವರು ರಾಜೀನಾಮೆ ಕೊಟ್ಟ ಮೇಲೆ ಆ ಜಾಗಕ್ಕೆ ಸ್ವೀಡನ್‌ನ ಥಾಮಸ್ ಡೆನ್ನರ್ಬಿ ಬಂದರು.

ಇದನ್ನೆಲ್ಲ ನನಗೆ ಹೇಳಿದ್ದು ಮಗಳ ಮಿಸ್. ಇಪ್ಪತ್ತಾರರ ಹುಡುಗಿ. ಫುಟ್ಬಾಲ್ ಕೋಚಿಂಗ್‌ನ ಡಿ ಲೈಸೆನ್ಸ್ ಆಗಿದೆ. ಸ್ಕೂಟರ್‌ನಲ್ಲಿ ಬಂದು ಹದಿನೆಂಟು ಹುಡುಗಿಯರಿಗೆ ಸುಮ್ನೆ ಕಲಿಸುತ್ತಾಳೆ, ಪೆಟ್ರೋಲ್ ಕೂಡ ಅವಳದ್ದೇ. ಮುಂದೆ ಸಿ, ಆಮೇಲೆ ಬಿ, ಎ ಅಂತ ಮೆಟ್ಟಿಲು ಇದೆಯಂತೆ. ಮೇಮೋಲ್ ಹೆಸರು ಹೇಳುವಾಗ ಅವಳ ದನಿಯೇ ಬೇರೆ. ಈ ತಿಂಗಳು ಕಾಲ್ ಸೆಂಟರ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಹೆಮ್ಮೆ ಪಡೋಕೆ ನಿಮಗೆ ಇನ್ನೊಬ್ಬರು ಬೇಡವಾ?

ಮತ್ತೆ ಹೇಳುತ್ತೇನೆ ಸರ್. ಮಂಗಳವಾರ, ಶುಕ್ರವಾರ. ಐದರಿಂದ ಆರೂವರೆ. ಮಿಸ್‌ಗೆ ಸಂಬಳ. ಗುಂಡಿಗೆ ಒಂದು ಟೆಂಪೋ ಮಣ್ಣು ಸಾಕು. ಅದೂ ನಿಮ್ಮಿಂದ ಆಗದಿದ್ದರೆ ಮಣ್ಣು ನಾನೇ ಹಾಕಿಸುತ್ತೇನೆ, ಗೇಟಿನ ಬೀಗದ ಕೈ ಕೊಡಿಸಿ.

ಇಂತಿ,
ರೈಲ್ವೆ ಸ್ಟೇಷನ್ ಮುಂದಿನ ಒಬ್ಬ ಪೈಲಟ್